ಸುಮ್ಮನಿದ್ದರೆ ನೀಲಿ

ಮಿಣುಕಿಯ ಮೇಜಿಗೆ ರಿಪೇರಿಗೆ ಬರುವ ಕೀಬೋರ್ಡುಗಳಲ್ಲಿ ಅರ್ಧಕ್ಕರ್ಧ ಏಟು ತಿಂದು ಬಂದವೇ. ಕೆಲವಕ್ಕೆ ನಡು ಮುರಿದಿರುತ್ತದೆ. ಕೆಲವಕ್ಕೆ ಹಲ್ಲು ಉದುರಿದ ಹಾಗೆ ಕೀಗಳು ಹಾರಿಹೋಗಿರುತ್ತವೆ. ಗೋಡೆಗೆ ಅಪ್ಪಳಿಸಿದ ಮೌಸುಗಳ ಹೊಟ್ಟೆ ಬಿರಿದು ತಂತಿ ಹೊರಗೆ ಇಣುಕುತ್ತಿರುತ್ತದೆ. ತಂದವರಲ್ಲಿ ಒಬ್ಬರಾದರೂ ನಿಜ ಹೇಳಬೇಕಲ್ಲ! "ಕೈ ಜಾರಿ ಬಿತ್ತು ಮೇಡಂ" ಅನ್ನುತ್ತಾರೆ. ಕೈ ಜಾರಿ ಬಿದ್ದದ್ದರ ನಟ್ಟನಡುವೆ ಮುಷ್ಟಿಯಗಲದ ತಗ್ಗು ಹೇಗೆ ಬಂತು ಎಂದು ಮಿಣುಕಿ ಕೇಳುವುದಿಲ್ಲ. ಅವಳ ಅತ್ತಿಗೆಯೂ ಆಸ್ಪತ್ರೆಯಲ್ಲಿ ಹಾಗೇ ಹೇಳಿಕೊಂಡು ಬಂದವಳು. ಮೆಟ್ಟಿಲ ಮೇಲೆ ಕಾಲು ಜಾರಿತು, ಬಾಗಿಲು ತಗುಲಿತು, ಕತ್ತಲಲ್ಲಿ ಗೋಡೆ ಕಾಣಲಿಲ್ಲ. ಆ ಮನೆಯಲ್ಲಿ ಗೋಡೆ ಬಾಗಿಲುಗಳಷ್ಟು ಕೆಟ್ಟ ಹೆಸರು ಹೊತ್ತವರು ಇನ್ನೊಬ್ಬರಿರಲಿಲ್ಲ.

ಮಿಣುಕಿ ಅನ್ನುವುದು ಅಂಗಡಿಯವರು ಇಟ್ಟ ಹೆಸರು. ಇಟ್ಟದ್ದು ತಮಾಷೆಗೆ, ಅಂಟಿಕೊಂಡದ್ದು ಗೋಂದಿನ ಹಾಗೆ. ಅಂಗಡಿ ಇರುವುದು ಬೀಗ ರಿಪೇರಿಯವನಿಗೂ ಇಸ್ತ್ರಿಯವನಿಗೂ ನಡುವೆ. ಕಂಪ್ಯೂಟರಿನಲ್ಲಿ ಆಟ ಆಡುವವರು ಅಲ್ಲಿಗೆ ಬಂದು ಕೀಬೋರ್ಡು, ಮೌಸು, ಹೆಡ್‌ಸೆಟ್ಟು ಕೊಳ್ಳುತ್ತಾರೆ, ಕೊಂಡದ್ದರೊಳಗಿನ ದೀಪಗಳಿಗೆ ಬೇಕಾದ ಬಣ್ಣ ಬರೆಸಿಕೊಂಡು ಹೋಗುತ್ತಾರೆ. ಒಂದೊಂದು ಕೀ ಅಡಿಯಲ್ಲೂ ಸಾಸಿವೆಯಷ್ಟು ದೀಪ. ಯಾವುದು ಯಾವಾಗ ಹೊತ್ತಬೇಕು, ಯಾವ ಬಣ್ಣಕ್ಕೆ ತಿರುಗಬೇಕು, ಯಾವುದರ ಹಿಂದೆ ಯಾವುದು ಓಡಬೇಕು ಎಂದು ಪ್ರೋಗ್ರಾಂ ಬರೆಯುವುದೇ ಅವಳ ಹೊಟ್ಟೆಪಾಡು. ಗಿರಾಕಿಗಳ ಆಸೆಗೆ ಕೊನೆಯಿಲ್ಲ. ಆಟದಲ್ಲಿ ತಾನು ಸತ್ತಾಗ ಕೀಬೋರ್ಡಿನ ನಾಲ್ಕೂ ಮೂಲೆಯಿಂದ ಬೆಂಕಿ ಬಂದು ನಡುವೆ ಕೂಡಿಕೊಳ್ಳಬೇಕು ಎಂದು ಒಬ್ಬ ಪಟ್ಟು ಹಿಡಿದು ಕೂತಿದ್ದ. "ಸಾಯೋದು ಸಾಯ್ತೀನಿ ಮೇಡಂ, ಚೆನ್ನಾಗಿ ಕಾಣ್ಬೇಕಲ್ಲ?" ಅಂದಿದ್ದ. ಅವನಿಗೆ ಬೆಂಕಿ ಹಚ್ಚಿ ಕಳಿಸಿದಳು.

ಯಾರಿಗೆ ಏನೇ ಬರೆದುಕೊಟ್ಟರೂ ಕೊನೆಗೆ ಒಂದು ಸಾಲು ಇರಲೇಬೇಕು. ಆಡುವವನು ಕೈ ತೆಗೆದು ಸ್ವಲ್ಪ ಹೊತ್ತು ಏನನ್ನೂ ಮುಟ್ಟದಿದ್ದರೆ ದೀಪಗಳೆಲ್ಲ ಕುಣಿತ ನಿಲ್ಲಿಸಿ ಒಂದು ತಣ್ಣನೆಯ ಬಣ್ಣಕ್ಕೆ ಇಳಿಯಬೇಕು. ಅಂಗಡಿಯಲ್ಲಿ ಆ ಸಾಲಿಗೆ ‘ಸುಮ್ಮನೆ’ ಎಂದೇ ಹೆಸರು. "ಸುಮ್ಮನೆ ಹಾಕಿದ್ಯೇನಮ್ಮಾ?" ಎಂದು ಯಜಮಾನರು ಕೇಳಿದರೆ, "ಹಾಕಿದೀನಿ ಸಾರ್, ನೀಲಿ" ಅನ್ನುವಳು. ಹೊಸ ಗಿರಾಕಿಗಳು ಈ ಮಾತು ಕೇಳಿ ಮುಖ ಮುಖ ನೋಡಿಕೊಳ್ಳುತ್ತಿದ್ದರು. ಬರೆದೂ ಬರೆದೂ ಆ ಸಾಲು ಅವಳ ತಲೆಗೆ ಕಾಯದೆ ಬೆರಳಿನಿಂದ ತಾನಾಗಿಯೇ ಇಳಿಯುತ್ತಿತ್ತು. ಕೆಲಸ ಕೈಗೆ ಅಷ್ಟು ರೂಢಿಯಾಗಬಾರದು ಎಂದು ನನಗೆ ಅನ್ನಿಸುವುದು ಈ ಕತೆ ನೆನಪಾದಾಗ.

ಇನ್ನು ಅಣ್ಣ. ಅಪ್ಪ ಅಮ್ಮ ಇಲ್ಲದ ತಂಗಿಯನ್ನು ಸಾಕಿ, ಓದಿಸಿ, ಕೆಲಸಕ್ಕೆ ಹಚ್ಚಿದವನು ಅವನೇ. ಸುಳ್ಳಲ್ಲ. ತಂಗಿಯ ಮೇಲೆ ಒಂದು ದಿನವೂ ಕೈ ಎತ್ತಿದವನಲ್ಲ, ಅದೂ ಸುಳ್ಳಲ್ಲ. ಇದೊಂದು ದೊಡ್ಡ ಗುಣ ಎಂದು ಮಿಣುಕಿ ಬಹಳ ಕಾಲ ನಂಬಿಕೊಂಡಿದ್ದಳು. ಹೆಂಡತಿಯ ಮೇಲೆ ಎತ್ತುವ ಕೈ ತಂಗಿಯ ಮೇಲೆ ಎತ್ತದಿದ್ದರೆ ಅದಕ್ಕೆ ಗುಣ ಅನ್ನುವುದಿಲ್ಲ, ಲೆಕ್ಕಾಚಾರ ಅನ್ನುತ್ತಾರೆ. ಆದರೆ ಉಪ್ಪು ತಿಂದವರಿಗೆ ಅಂಥ ಮಾತು ಬೇಗ ಹೊಳೆಯುವುದಿಲ್ಲ.

ಅವನು ಒಂದು ಗೋದಾಮಿನಲ್ಲಿ ಮೇಲ್ವಿಚಾರಕ. ಮೇಲಿನವರು ಬೈದರೆ ತುಟಿ ಪಿಟಕ್ಕೆನ್ನದೆ ನುಂಗಿಕೊಂಡು ಮನೆಗೆ ಬರುವನು, ಬಂದವನು ನೇರ ಆಟಕ್ಕೆ ಕೂರುವನು. ಮುಖ ಕಂಡಿರದ ನಾಲ್ಕು ಗಂಡಸರ ಜೊತೆಗೂಡಿ, ಅವರಿಗೆ ತಾನೇ ನಾಯಕನಾಗಿ, ಇನ್ನೊಂದು ಗುಂಪಿನವರನ್ನು ಕೊಲ್ಲುವ ಆಟ. ಗೆದ್ದ ದಿನ ಊಟ ಮಾಡಿ ಮಲಗುತ್ತಿದ್ದ. ಸೋತ ದಿನ ಅತ್ತಿಗೆ ಏನು ಮಾಡಿದರೂ ತಪ್ಪು. ಬಂದು ಎದುರು ನಿಂತರೆ ತಪ್ಪು, ಅಡುಗೆಮನೆಯಲ್ಲೇ ಉಳಿದರೆ ತಪ್ಪು. ಮೌಸಿನ ತಂತಿಯನ್ನು ಕೈಗೆ ಸುತ್ತಿಕೊಂಡು ಬೆನ್ನಿಗೆ ಬಾರಿಸಿದ ದಿನವಿತ್ತು. ಕೂದಲು ಹಿಡಿದು ತಲೆಯನ್ನು ಬಚ್ಚಲಿನ ಬಾಗಿಲಿಗೆ ಗುದ್ದಿಸಿದ ದಿನವಿತ್ತು. ಮಾರನೆಯ ಬೆಳಿಗ್ಗೆ ಮುಲಾಮು ತಂದು ಅವನೇ ಹಚ್ಚುವನು. "ನನಗೆ ಸಿಟ್ಟು ಬರಿಸ್ಬೇಡ ಕಣೇ" ಎಂದು ಹಚ್ಚುತ್ತಲೇ ಬುದ್ಧಿ ಹೇಳುವನು.

ಮಹಡಿಯ ಕೋಣೆ ಮಿಣುಕಿಯದು. ಕೆಳಗೆ ಸದ್ದಾದಾಗೆಲ್ಲ ಇಳಿದು ಓಡಿ ಬರುತ್ತಿದ್ದಳು, ಅಡ್ಡ ನಿಲ್ಲುತ್ತಿದ್ದಳು. ಆದರೆ ಓಡಿ ಬರುವಷ್ಟರಲ್ಲಿ ಬೀಳುವ ಏಟು ಬಿದ್ದಾಗಿರುತ್ತಿತ್ತು. ಬಿಟ್ಟು ಬನ್ನಿ ಅತ್ತಿಗೆ, ಎಲ್ಲಾದರೂ ಹೋಗೋಣ ಅಂದರೆ ಅತ್ತಿಗೆಯದು ಒಂದೇ ಪ್ರಶ್ನೆ. "ಎಲ್ಲಿಗೆ?"

ಹೀಗಿರುವಾಗ ಅಣ್ಣನೇ ಒಂದು ದಿನ ಬಾಯಿಬಿಟ್ಟು ಕೇಳಿದ. "ಊರಿಗೆಲ್ಲಾ ದೀಪ ಹಚ್ತೀಯ, ನಿನ್ನ ಅಣ್ಣ ಮಾತ್ರ ಕತ್ತಲಲ್ಲಿ ಕೂತಿರ್ಬೇಕಾ?" ಅವಳು ಅಂಗಡಿಯಿಂದ ಒಂದು ಜೊತೆ ತಂದಳು. ಕೀಬೋರ್ಡಿನಲ್ಲೂ ಮೌಸಿನಲ್ಲೂ ಅವನು ಕೇಳಿದ ಕಾಮನಬಿಲ್ಲಿನ ಅಲೆ ಹರಿಸಿದಳು. ತಂತಿಯಿಲ್ಲದ ಹೆಡ್‌ಸೆಟ್ಟು ಉಳಿಯಿತು. ಅದರ ಕಿವಿಯ ಬಟ್ಟಲುಗಳ ಹೊರಮೈಯಲ್ಲಿ ಒಂದೊಂದು ಉಂಗುರದಂಥ ದೀಪ. ಅದನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತವಳಿಗೆ ದಿನಾ ಕಂಡದ್ದೇ ಅಂದು ಹೊಸದಾಗಿ ಕಂಡಿತು. ಕೀಬೋರ್ಡಿನ ದೀಪ ಆಡುವವನ ಕಣ್ಣೆದುರಿಗೆ ಇರುತ್ತದೆ. ಹೆಡ್‌ಸೆಟ್ಟಿನ ದೀಪ ಹಾಕಿಕೊಂಡವನಿಗೆ ಕಾಣುವುದೇ ಇಲ್ಲ. ಅದು ಇರುವುದು ಅವನನ್ನು ನೋಡುವವರಿಗೆ.

ಅಂದೇ ಕೂತು ಬರೆದಳು. ಕೀಗಳ ಮೇಲೆ ಬೆರಳು ಎಷ್ಟು ಬಿರುಸಾಗಿ ಬೀಳುತ್ತಿದೆ, ಮೌಸು ಎಷ್ಟು ಸಲ ಕಟಕಟ ಅನ್ನುತ್ತಿದೆ, ಮೈಕಿನಲ್ಲಿ ದನಿ ಎಷ್ಟು ಏರಿದೆ, ಈ ಮೂರನ್ನೂ ಕೂಡಿಸಿ ಅಣ್ಣನ ಸಿಟ್ಟು ಅಳೆಯುವ ಪ್ರೋಗ್ರಾಂ. ಸಿಟ್ಟು ಇಳಿದಿದ್ದರೆ ಬಟ್ಟಲು ನೀಲಿ. ಏರುತ್ತಿದ್ದರೆ ಹಳದಿ. ತಲೆಗೇರಿದರೆ ಕೆಂಪು. ಕೊನೆಗೆ, ರೂಢಿಯ ಕೈ ನೋಡಿ, ಆ ಸಾಲೂ ಇಳಿಯಿತು. ಸುಮ್ಮನಿದ್ದರೆ ನೀಲಿ.

"ನೀಲಿ ಇದ್ರೆ ಹೋಗಿ, ಮಾತಾಡಿ. ಹಳದಿ ಕಂಡ್ರೆ ಹತ್ರ ಸುಳೀಬೇಡಿ. ಕೆಂಪಾದ್ರೆ ಕೈಲಿರೋದನ್ನ ಅಲ್ಲೇ ಬಿಟ್ಟು ಮೇಲೆ ಬಂದು ನನ್ನ ರೂಮಿನ ಚಿಲಕ ಹಾಕ್ಕೊಳಿ" ಎಂದು ಅತ್ತಿಗೆಗೆ ಪಾಠ ಹೇಳಿದಳು. ಅತ್ತಿಗೆ ಬಾಯಿ ಮೇಲೆ ಕೈ ಇಟ್ಟುಕೊಂಡು ನಕ್ಕಳು. "ಅಯ್ಯೋ ಇವಳ! ಗಂಡನ ಕಿವಿಗೆ ಸಿಗ್ನಲ್ ದೀಪ ಹಾಕ್ಬಿಟ್ಯಲ್ಲೇ!"

ದೀಪ ಕೆಲಸ ಮಾಡಿತು. ಅಡುಗೆಮನೆಯ ಬಾಗಿಲಿನಿಂದ ಅತ್ತಿಗೆ ಒಂದು ಕಣ್ಣು ಬಟ್ಟಲ ಮೇಲಿಟ್ಟೇ ಓಡಾಡಿದಳು. ಅಣ್ಣ ಕಿರುಚಿ ಎದ್ದಾಗ ಎದುರಿಗೆ ಯಾರೂ ಇರುತ್ತಿರಲಿಲ್ಲ. ಕುರ್ಚಿ ಒದ್ದ, ಲೋಟ ಒಡೆದ, ಸಿಗದ ಹೆಂಡತಿಯನ್ನು ಬಾಯಿಗೆ ಬಂದ ಹಾಗೆ ಬೈದು ಮಲಗಿದ. ಅತ್ತಿಗೆಯ ಮೈಮೇಲಿನ ಕಲೆಗಳು ಮಾಸಿದವು. ಚಿಲಕ ಹಾಕಿದ ಮಹಡಿಯ ಕೋಣೆಯಲ್ಲಿ ಇಬ್ಬರೂ ಒಂದೇ ಹಾಸಿಗೆಯಲ್ಲಿ ಕಾಲು ಚಾಚಿಕೊಂಡು, ಊರಲ್ಲಿರುವವರಿಗೆಲ್ಲ ಬಣ್ಣ ಹಂಚಿ ನಗುತ್ತಿದ್ದರು. ಇಸ್ತ್ರಿಯವನು ಯಾವಾಗಲೂ ಹಳದಿ, ಯಜಮಾನರು ಹುಟ್ಟಿದಂದಿನಿಂದ ನೀಲಿ. ಆ ದಿನಗಳಲ್ಲಿ ಮಿಣುಕಿಗೆ ತನ್ನ ವಿದ್ಯೆಯ ಮೇಲೆ ಹೆಮ್ಮೆ ಇತ್ತು. ಇರಬಾರದು ಎಂದು ಹೇಗೆ ಹೇಳಲಿ?

ಸುಖ ಸ್ವಲ್ಪ ಕಂಡರೆ ಮನುಷ್ಯರಿಗೆ ಆಸೆ ಹುಟ್ಟುತ್ತದೆ. ಪಕ್ಕದ ಬೀದಿಯ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಲು ಜನ ಬೇಕಾಗಿದ್ದರು. ಅತ್ತಿಗೆಗೆ ಕತ್ತರಿ ಹಿಡಿಯಲು ಬರುತ್ತಿತ್ತು. "ಕೇಳ್ತೀನಿ ಕಣೆ, ನೀಲಿ ಇರೋವಾಗ ನೋಡಿ ಕೇಳ್ತೀನಿ" ಅಂದಳು.

ಆ ಸಂಜೆ ಆಟದಲ್ಲಿ ಅಣ್ಣನ ಗುಂಪಿನವರೇ ಅವನ ಮೇಲೆ ತಿರುಗಿಬಿದ್ದರು. ನಿನ್ನಿಂದಲೇ ಸೋತೆವು ಅಂದರು. ಅವನು ಕೂಗಾಡಿದ, ಬಟ್ಟಲು ಕೆಂಪಾಯಿತು, ಅತ್ತಿಗೆ ಮೆಟ್ಟಿಲು ಹತ್ತಿ ಹೋಗಿ ಚಿಲಕ ಹಾಕಿಕೊಂಡಳು. ಅವರು ನಗುತ್ತ ಅವನನ್ನು ನಾಯಕತನದಿಂದ ಇಳಿಸಿದರು, ಆಮೇಲೆ ಗುಂಪಿನಿಂದಲೇ ಆಚೆ ಹಾಕಿದರು. ಆಗ ಅವನು ಕೂಗು ನಿಲ್ಲಿಸಿದ. ಮೈಕು ಆರಿಸಿದ. ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ. ಒತ್ತುವ ಬೆರಳಿಲ್ಲ, ಏರಿದ ದನಿಯಿಲ್ಲ. ಕೆಂಪು ಹಳದಿಗೆ ಇಳಿಯಿತು, ಹಳದಿ ನೀಲಿಗೆ ಇಳಿಯಿತು. ಅತ್ತಿಗೆ ಚಿಲಕ ತೆಗೆದು ಬೆಕ್ಕಿನ ಹೆಜ್ಜೆಯಲ್ಲಿ ಇಳಿದು ಬಂದು ನೋಡಿದಳು. ತಿಳಿ ನೀಲಿ. ಹತ್ತಿರ ಹೋಗಿ ಹೆಗಲು ಮುಟ್ಟಿ, "ರೀ, ಒಂದ್ ಕೆಲಸದ ಮಾತು ಕೇಳ್ಬೇಕಿತ್ತು" ಅಂದಳು.

ಅದೇ ಹೊತ್ತಿಗೆ ಮಿಣುಕಿ ಅಂಗಡಿಯಿಂದ ಬಂದು ಗೇಟು ತೆಗೆದಳು. ಮೊದಲು ಕಿಟಕಿಯ ಕಡೆ ನೋಡುವುದು ಅವಳಿಗೂ ಅಭ್ಯಾಸವಾಗಿತ್ತು. ಪರದೆಯ ಹಿಂದೆ ಎರಡು ನೀಲಿ ಉಂಗುರಗಳು ಮೇಲೆ ಕೆಳಗೆ, ಮೇಲೆ ಕೆಳಗೆ ಆಡುತ್ತಿದ್ದವು. ಅಣ್ಣ ಹಾಡು ಕೇಳುತ್ತ ತಲೆಯಾಡಿಸುತ್ತಿದ್ದಾನೆ ಅಂದುಕೊಂಡಳು. ಸದ್ಯ, ಇವತ್ತು ಗೆದ್ದ. ನಿಧಾನವಾಗಿ ಚಪ್ಪಲಿ ಬಿಟ್ಟಳು. ಅಡ್ಡಾದಿಡ್ಡಿ ಬಿದ್ದಿದ್ದ ಅತ್ತಿಗೆಯ ಚಪ್ಪಲಿಗಳನ್ನೂ ಕಾಲಲ್ಲೇ ಸರಿಸಿ ಜೋಡಿಸಿದಳು. ಚೀಲದಲ್ಲಿ ಬೀಗದ ಕೈ ತಡಕುತ್ತಿರುವಾಗ ಬಾಗಿಲಿನ ಸಂದಿಯಿಂದ ಏನೋ ಉರುಳಿ ಬಂದು ಅವಳ ಕಾಲ್ಬೆರಳಿಗೆ ತಾಗಿತು. ಬಗ್ಗಿ ಎತ್ತಿಕೊಂಡಳು. ಕೀಬೋರ್ಡಿನ ಒಂದು ಕೀ. ಬೆರಳಿಗೆ ಒದ್ದೆ ಹತ್ತಿತು.

ಬಾಗಿಲು ತೆಗೆದಾಗ ಅತ್ತಿಗೆ ಮಂಚಕ್ಕೂ ಗೋಡೆಗೂ ನಡುವಿನ ಸಂದಿಯಲ್ಲಿ ಮುದುಡಿ ಬಿದ್ದಿದ್ದಳು. ಅಣ್ಣ ಕೀಬೋರ್ಡನ್ನು ತಂತಿಸಮೇತ ಕಿತ್ತು, ಎರಡೂ ಕೈಯಲ್ಲಿ ಹಿಡಿದು, ಅದರ ಅಂಚಿನಿಂದ ಹೊಡೆಯುತ್ತಿದ್ದ. ಬೈಗುಳವಿಲ್ಲ, ಕೂಗಿಲ್ಲ, ಬಾಯಿ ಮುಚ್ಚಿತ್ತು. ಸೌದೆ ಒಡೆಯುವವನ ಹಾಗೆ ಏಟಿಗೊಂದು ಉಸಿರು ಬಿಡುತ್ತಿದ್ದ ಅಷ್ಟೆ. ಹೆಡ್‌ಸೆಟ್ಟು ತಲೆಯ ಮೇಲೇ ಇತ್ತು, ಎರಡೂ ಬಟ್ಟಲು ತಂಪಾಗಿ ನೀಲಿ. ಮಿಣುಕಿ ಅವನ ತೋಳಿಗೆ ಜೋತುಬಿದ್ದಳು. ಕೊಡವಿದ ರಭಸಕ್ಕೆ ಅವಳ ಹಣೆ ಬಾಗಿಲ ಚೌಕಟ್ಟಿಗೆ ಬಡಿದು ಒಡೆಯಿತು. ಕೈ ಎತ್ತದ ಅಣ್ಣನ ಕೈ ಅಂದು ಅಲ್ಲಿಗೂ ಬಂತು. ತಂಗಿಯ ಮುಖದ ಮೇಲೆ ಇಳಿಯುವ ರಕ್ತ ಕಂಡು ಅವನು ನಿಂತ. "ಇವಳೇ ಶುರು ಮಾಡಿದ್ದು" ಅಂದ.

ಆಸ್ಪತ್ರೆಯಲ್ಲಿ ಅತ್ತಿಗೆಯ ದವಡೆಗೆ ಪಟ್ಟಿ ಕಟ್ಟಿದರು. ಎಡಗಿವಿ ಇನ್ನು ಕೇಳುವುದಿಲ್ಲ ಎಂದು ಡಾಕ್ಟರು ಹೇಳಿದರು. ಮಿಣುಕಿ ಹಾಸಿಗೆಯ ಪಕ್ಕ ಕೂತು ಅತ್ತಳು. "ನನ್ನ ತಪ್ಪು ಅತ್ತಿಗೆ. ಕೊನೇ ಸಾಲು. ಸುಮ್ನಿದ್ರೆ ತಣ್ಣಗಾದ ಅಂತ ಬರ್ದುಬಿಟ್ಟೆ."

ಅತ್ತಿಗೆ ಪಟ್ಟಿಯ ಸಂದಿಯಿಂದಲೇ ಮಾತಾಡಿದಳು.

"ಸುಮ್ನೆ ಕೂತಿದ್ದ. ಸುಮ್ನೆ ಎದ್ದ. ಸುಮ್ನೆ ಹೊಡ್ದ." ಉಸಿರು ತೆಗೆದುಕೊಂಡಳು. "ನಿನ್ನ ದೀಪ ಬರೋಕೆ ಮುಂಚೆ ನಂಗೆ ಗೊತ್ತಾಗ್ತಿತ್ತು ಕಣೆ. ಸಿಟ್ಟು ಒಳಗೇ ಇದ್ರೆ ಅವ್ರ ದವಡೆ ಹತ್ರ ಒಂದು ನರ ಕುಣಿಯತ್ತೆ. ಅದನ್ನ ನೋಡಿ ಎಷ್ಟೋ ಸಲ ತಪ್ಪಿಸ್ಕೊಂಡಿದೀನಿ. ಅವತ್ತೂ ಕುಣೀತಾ ಇತ್ತೇನೋ. ನಾನು ಮುಖಾನೇ ನೋಡ್ಲಿಲ್ಲ. ಬಣ್ಣ ನೋಡ್ದೆ."

"ಸರಿ ಮಾಡ್ತೀನಿ ಅತ್ತಿಗೆ."

"ನೀನು ಸರಿ ಮಾಡ್ತೀಯ. ನಾನು ಮತ್ತೆ ನಂಬ್ತೀನಿ" ಎಂದು ಅತ್ತಿಗೆ ಗೋಡೆಯ ಕಡೆ ಹೊರಳಿದಳು.

ಬಟ್ಟೆ ತರಲು ಮಿಣುಕಿ ಮನೆಗೆ ಹೋದಾಗ ಅಣ್ಣ ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅಳುತ್ತಿದ್ದ. "ಹೇಗಾಯ್ತೋ ಗೊತ್ತಾಗ್ಲಿಲ್ಲ ಕಣೇ, ನಾನು ಮನುಷ್ಯನೇ ಅಲ್ಲ" ಎಂದು ತಲೆ ಚಚ್ಚಿಕೊಂಡ. ಕಣ್ಣೊರೆಸಿಕೊಂಡ. ಉದುರಿದ ಕೀಗಳನ್ನೆಲ್ಲ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಇಟ್ಟಿದ್ದ. "ಅಂಗಡಿಗೆ ಹೋಗ್ತೀಯಲ್ಲಾ, ಹಾಗೇ ಇದನ್ನೂ ಸರಿ ಮಾಡ್ಕೊಡು. ಹೆಡ್‌ಸೆಟ್ಟೂ ಒಂಚೂರು ನೋಡು, ಬಿಗಿ ತಪ್ಪಿದೆ." ಮಿಣುಕಿ ಎಲ್ಲವನ್ನೂ ಎತ್ತಿಕೊಂಡು ಹೊರಟಳು.

ಅಂಗಡಿಯ ಮೇಜಿನ ಮೇಲೆ ಕೀಬೋರ್ಡು ಬಿಚ್ಚಿದಾಗ ಒಳಗೆ ಕೂದಲಿತ್ತು. ಒಣಗಿದ ರಕ್ತವಿತ್ತು. ಅದನ್ನು ಕೆರೆಯುವಾಗ ಚಿಮಟಕ್ಕೆ ಅತ್ತಿಗೆಯ ಕಿವಿಯೋಲೆ ಸಿಕ್ಕಿತು, ಅದರ ಕೊಂಡಿ ಮುರಿದಿತ್ತು. ಓಲೆಯನ್ನು ಬಟ್ಟೆಯಲ್ಲಿ ಒರೆಸಿ ಜೇಬಿಗೆ ಹಾಕಿಕೊಂಡಳು. ಆಮೇಲೆ, ಹೇಳಿದರೆ ನಂಬುತ್ತೀರೋ ಇಲ್ಲವೋ, ಹೆಡ್‌ಸೆಟ್ಟಿನ ಪ್ರೋಗ್ರಾಂ ತೆರೆದು ತಪ್ಪು ತಿದ್ದಲು ಕೂತಳು. ಕೆಂಪಾದ ಮೇಲೆ ಸುಮ್ಮನಾದರೆ ಕೆಂಪಾಗಿಯೇ ಇರಬೇಕು. ಬೇಗ ಸುಮ್ಮನಾದರೆ ಇನ್ನೂ ಅನುಮಾನಿಸಬೇಕು. ಬೆರಳು ಚುರುಕಾಗಿ ಓಡುತ್ತಿತ್ತು. ಸುಮಾರು ಸಾಲು ಆದ ಮೇಲೆ ಬೆರಳು ನಿಂತಿತು. ಏನು ಮಾಡುತ್ತಿದ್ದೇನೆ ನಾನು? ಹೊಡೆಯುವವನು ಆರಾಮಾಗಿ ಹೊಡೆದುಕೊಂಡಿರಲಿ, ಏಟು ತಿನ್ನುವವಳು ಬಣ್ಣ ನೋಡಿ ಓಡುತ್ತಿರಲಿ ಎಂದಲ್ಲವೇ ಇಷ್ಟು ದಿನ ದೀಪ ಹಚ್ಚಿದ್ದು? ಅವಳಿಗೆ ತನ್ನ ಕೈಯ ಮೇಲೇ ಅಸಹ್ಯವಾಯಿತು. ಎಲ್ಲ ಅಳಿಸಿದಳು. ಬೆರಳನ್ನು ಲೆಕ್ಕ ಹಾಕುವುದು, ದನಿ ಅಳೆಯುವುದು, ನೀಲಿ, ಹಳದಿ, ಸುಮ್ಮನೆ, ಎಲ್ಲ. ಒಂದೇ ಒಂದು ಸಾಲು ಬರೆದಳು. ಕೆಂಪು. ಅದನ್ನು ಹೆಡ್‌ಸೆಟ್ಟಿನ ಸ್ವಂತ ನೆನಪಿಗೇ ಇಳಿಸಿದಳು, ಯಾವ ಕಂಪ್ಯೂಟರಿಗೆ ಜೋಡಿಸಿದರೂ, ಯಾವುದಕ್ಕೂ ಜೋಡಿಸದಿದ್ದರೂ, ಬದಲಾಗದಂತೆ.

ಅತ್ತಿಗೆ ಆಸ್ಪತ್ರೆಯಿಂದ ನೇರ ಅಂಗಡಿಯ ಹಿಂದಿನ ಕೋಣೆಗೆ ಬಂದಳು. ಖಾಲಿ ಡಬ್ಬಗಳ ನಡುವೆ ಚಾಪೆ ಹಾಸಿಕೊಂಡು ಇಬ್ಬರೂ ಅಲ್ಲೇ ಮಲಗಿದರು. ಯಜಮಾನರು ನೊಂದುಕೊಂಡರು. ಒಳ್ಳೆಯವರು, ಆದರೆ ಒಳ್ಳೆಯವರ ಕಾಟ ಕೆಟ್ಟವರಿಗಿಂತ ಹೆಚ್ಚು. ಗಂಡ ಹೆಂಡತಿಯನ್ನು ಕೂಡಿಸಿದ ಪುಣ್ಯ ತನಗಿರಲಿ ಎಂದು ಯಾರಿಗೂ ಹೇಳದೆ ಅಣ್ಣನಿಗೆ ಫೋನು ಮಾಡಿದರು.

ಅಣ್ಣ ಬಂದ. ಇಸ್ತ್ರಿ ಮಾಡಿದ ಅಂಗಿ, ಬಾಚಿದ ತಲೆ, ಕಟ್ಟಿಕೊಂಡ ಕೈ. ಗಿರಾಕಿಗಳಿಗೆ ದಾರಿ ಬಿಟ್ಟು ನಿಂತ. ದನಿಯಲ್ಲಿ ಜೇನು. "ತಪ್ಪಾಯ್ತು. ಮನೆಗೆ ಹೋಗೋಣ ಬಾ. ಅದೇನೋ ಕೆಲಸ ಅಂದ್ಯಲ್ಲ, ಅದಕ್ಕೂ ಹೋಗು."

"ನೋಡಮ್ಮಾ, ಇದಕ್ಕಿಂತ ಇನ್ನೇನು ಬೇಕು?" ಎಂದು ಯಜಮಾನರು ಅತ್ತಿಗೆಯ ಚೀಲವನ್ನು ತಾವೇ ತಂದು ಕೊಟ್ಟರು. ಅತ್ತಿಗೆ ಚೀಲ ಹಿಡಿದುಕೊಂಡಳು.

"ನನ್ನ ಹೆಡ್‌ಸೆಟ್ಟು?" ಅಣ್ಣ ನಗುತ್ತಲೇ ಕೇಳಿದ. ಗಲ್ಲಾದ ಮೇಲೆ ಇತ್ತು. ಎತ್ತಿ ತಲೆಗೆ ಹಾಕಿಕೊಂಡು ಗುಂಡಿ ಒತ್ತಿದ. ಎರಡೂ ಬಟ್ಟಲು ಕೆಂಪಗೆ ಹೊತ್ತಿಕೊಂಡವು. ಅವನಿಗೆ ಕಾಣಲಿಲ್ಲ. ಅಂಗಡಿಯಲ್ಲಿದ್ದವರಿಗೆಲ್ಲ ಕಂಡಿತು.

ಹೆಂಡತಿಯ ಕಡೆ ತಿರುಗಿ, "ಹೇಗೆ ಕಾಣತ್ತೆ? ಯಾವ ಬಣ್ಣ ಬಂದಿದೆ?" ಅಂದ.

ಅತ್ತಿಗೆ ದೀಪ ನೋಡಲಿಲ್ಲ. ಅವನ ದವಡೆ ನೋಡಿದಳು. ನೋಡಿ ಚೀಲವನ್ನು ನೆಲಕ್ಕಿಟ್ಟಳು.

"ಕೆಂಪು" ಅಂದಳು. "ನಾನು ಬರಲ್ಲ."

ಅವನು ನಗು ಮುಖದಲ್ಲೇ ಇಟ್ಟುಕೊಂಡು ಗಲ್ಲಾದ ಗಾಜಿಗೆ ಮೊಣಕೈ ಹಾಕಿದ. ಗಾಜು ಸಿಡಿಯಿತು, ಗಿರಾಕಿಗಳು ಬೀದಿಗೆ ಓಡಿದರು. ಅಡ್ಡ ಬಂದ ಮಿಣುಕಿಯ ಜಡೆ ಹಿಡಿದು ಒಡೆದ ಗಾಜಿನ ಅಂಚಿನ ಕಡೆಗೆ ಅವಳ ಮುಖ ಬಗ್ಗಿಸಿದ. "ನೀನು ತಾನೇ ಇವಳಿಗೆ ಕಲಿಸಿದ್ದು? ಸಾಕಿದ್ದಕ್ಕೆ ಇದಾ?" ಯಜಮಾನರು ಸೊಂಟ ಹಿಡಿದು ಎಳೆದರೆ ಒಂದೇ ಒದೆತಕ್ಕೆ ಡಬ್ಬಗಳ ಮೇಲೆ ಬಿದ್ದರು. ಗಾಜು ಮಿಣುಕಿಯ ಕೆನ್ನೆಗೆ ತಾಗಿತು, ಚರ್ಮ ಬಿಟ್ಟುಕೊಂಡಿತು. ಅಷ್ಟರಲ್ಲಿ ಅತ್ತಿಗೆ ಮೂಲೆಯಲ್ಲಿದ್ದ ಶಟರ್ ಎಳೆಯುವ ಕಬ್ಬಿಣದ ಕೋಲನ್ನು ಎತ್ತಿಕೊಂಡಿದ್ದಳು. ಜಡೆ ಹಿಡಿದ ಮಣಿಕಟ್ಟಿನ ಮೇಲೆ ಇಳಿಸಿದಳು. ಎಲುಬು ಮುರಿದ ಸದ್ದು ಎಲ್ಲರಿಗೂ ಕೇಳಿತು. ಅವನು ಚೀರಿ ಮಂಡಿಯೂರಿದ. ಅತ್ತಿಗೆ ಮತ್ತೊಮ್ಮೆ ಇಳಿಸಿದಳು, ಅದೇ ಜಾಗಕ್ಕೆ. ಮೂರನೆಯ ಸಲ ಎತ್ತಿದಾಗ ಮಿಣುಕಿ ಅವಳನ್ನು ಅಪ್ಪಿ ಹಿಡಿದುಕೊಂಡಳು. ಅತ್ತಿಗೆ ಕೂಗಲಿಲ್ಲ, ಅಳಲಿಲ್ಲ, ಕೋಲು ಮಾತ್ರ ಕೈಬಿಡಲಿಲ್ಲ. ಬೀದಿಯವರು ಕರೆಸಿದ ಪೊಲೀಸರು ಬಂದು ಅವನನ್ನು ಎಬ್ಬಿಸಿಕೊಂಡು ಹೋಗುವಾಗಲೂ ಆ ಹೆಡ್‌ಸೆಟ್ಟು ಅವನ ಕತ್ತಿನಲ್ಲಿತ್ತು. ಬೀದಿಯುದ್ದಕ್ಕೂ ಜನ ನೋಡಿದರು.

ಈಗ ಮಿಣುಕಿಯ ಕೆನ್ನೆಯ ಮೇಲೆ ಒಂದು ಗೆರೆ ಇದೆ. ಗಿರಾಕಿಗಳಿಗೆ ಬೆಂಕಿ, ಅಲೆ, ಮಿಂಚು ಬರೆದುಕೊಡುತ್ತಾಳೆ, ‘ಸುಮ್ಮನೆ’ ಮಾತ್ರ ಬರೆಯುವುದಿಲ್ಲ. ಯಾರಾದರೂ ಕೇಳಿದರೆ, ಅದು ನನಗೆ ಬರುವುದಿಲ್ಲ ಅನ್ನುತ್ತಾಳೆ. ಯಜಮಾನರು ಹೊಸ ಗಾಜು ಹಾಕಿಸಿದರು, ಪುಣ್ಯದ ಮಾತು ಮತ್ತೆ ಆಡಲಿಲ್ಲ. ಅತ್ತಿಗೆ ಬೆಳಿಗ್ಗೆ ಹೊಲಿಗೆ ಕಾರ್ಖಾನೆಯಲ್ಲಿ ಬಟ್ಟೆ ಕತ್ತರಿಸಿ, ಮಧ್ಯಾಹ್ನದ ಮೇಲೆ ಅಂಗಡಿಗೆ ಬರುತ್ತಾಳೆ. ಒಳಗೆ ಬಂದವರ ಮುಖ ಮೊದಲು ನೋಡುತ್ತಾಳೆ, ಆಮೇಲೆ ಏನು ಬೇಕು ಎಂದು ಕೇಳುತ್ತಾಳೆ.

ರಿಪೇರಿಯಾದ ಹೆಡ್‌ಸೆಟ್ಟುಗಳನ್ನು ಕೊಡುವ ಮುಂಚೆ ಎರಡೂ ಕಡೆ ಸದ್ದು ಬರುತ್ತಿದೆಯೇ ಎಂದು ಕೇಳಿ ನೋಡಬೇಕು. ಆ ಕೆಲಸ ಅತ್ತಿಗೆಯದು. ತಲೆಗೆ ಹಾಕಿಕೊಂಡು, ಕಣ್ಣು ಮುಚ್ಚಿ, ಬಲಗಡೆಯದನ್ನು ಕೇಳುತ್ತಾಳೆ. ಆಮೇಲೆ ಅದನ್ನು ತೆಗೆದು, ಎಡಗಡೆಯ ಬಟ್ಟಲನ್ನು ಮಿಣುಕಿಯ ಕಿವಿಗೆ ಒತ್ತಿ ಹಿಡಿಯುತ್ತಾಳೆ.

"ಈ ಕಡೇದು ನೀನು ಕೇಳು" ಅನ್ನುತ್ತಾಳೆ. ಮಿಣುಕಿ ಕೆಲಸ ನಿಲ್ಲಿಸಿ ಕೇಳುತ್ತಾಳೆ.